ಖಾಲಿ ಬುತ್ತಿ ಡಬ್ಬಿ

ರಾಯಚೂರು,
೯ ಫೆಬ್ರವರಿ ೨೦೨೫, ಭಾನುವಾರ

ನನ್ನ ಮುದ್ದಿನ ಮಗಳು ಕಲ್ಯಾಣಿಗೆ ನಿನ್ನಪ್ಪ ರಾಮಲಿಂಗಪ್ಪನ ಮನಸಾರೆ ಆಶೀರ್ವಾದಗಳು.

ಆರೋಗ್ಯವಾಗಿದ್ದೀಯಾ? ಕೆಮ್ಮು ಹೋಯಿತೇ? ಹಾಸ್ಟೆಲಿನ ನೀರು ಒಗ್ಗಿತೇ? ಕಲಬುರಗಿಯಲ್ಲಿ ಆಗಲೇ ಬಿಸಿಲು ಏರಿರಬೇಕು, ತಲೆಗೆ ಸೆರಗಿನಂತೆ ದುಪಟ್ಟಾ ಹೊದ್ದುಕೊಂಡೇ ಹೊರಗೆ ಹೋಗು. ಫೋನಿರುವಾಗ ಅಪ್ಪನಿಗೇಕೆ ಪತ್ರದ ಹುಚ್ಚು ಎಂದು ನಗಬೇಡ. ನಾನು ಫೋನು ಹಿಡಿದರೆ ನಿನ್ನ ಅವ್ವ ಕಸಿದುಕೊಳ್ಳುತ್ತಾಳೆ. ದೇವದುರ್ಗದ ಬಸ್ಸಿನಲ್ಲಿ ಊರಮಂದಿಯನ್ನೆಲ್ಲ ಗದರಿಸುವ ಕಂಡಕ್ಟರನಿಗೆ ಮನೆಯಲ್ಲಿ ಬಾಯಿ ತೆರೆಯಲು ಸರದಿಯೇ ಬರುವುದಿಲ್ಲ.

ಅವಳ ರಕ್ತದ ರಿಪೋರ್ಟು ಬಂದದ್ದನ್ನು ನಿನ್ನೆ ಕೇಳಿದ್ದೀಯ. ಮೂರು ತಿಂಗಳ ಸರಾಸರಿ ಶುಗರ್ ಇಳಿದಿದೆ, ಇನ್ಸುಲಿನ್ ಬೇಡ, ಗುಳಿಗೆಯೇ ಸಾಕು ಎಂದರು ಡಾಕ್ಟರು. “ಅವ್ವನ ಶುಗರ್ ಇಳೀಲಿಲ್ಲಂದ್ರ ನಾ ಓದು ಬಿಟ್ಟು ಬಂದುಬಿಡ್ತೀನಿ” ಎಂದು ಹೊರಡುವಾಗ ಷರತ್ತು ಹಾಕಿದ್ದೆಯಲ್ಲ, ಆ ಭಯ ತೀರಿತು. ಆದರೆ ಅವಳು “ಇಳದದ” ಎಂದಷ್ಟೇ ಹೇಳಿ ಫೋನಿಟ್ಟಳು. ಹೇಗೆ ಇಳಿಯಿತು ಎಂದು ನಾನಾದರೂ ಹೇಳಬೇಡವೇ?

ನೀನು ಅವಳ ಮೊಬೈಲಿಗೆ ಹಾಕಿಕೊಟ್ಟ ಆರೋಗ್ಯದ ಆ್ಯಪಿನೊಂದಿಗೆ ಅವಳು ಮೊದಲ ವಾರ ಆಡಿದ ಜಗಳ ನೋಡಬೇಕಿತ್ತು. ಉಂಡದ್ದರ ಚಿತ್ರ ಒತ್ತಿದರೆ ತಾಟು ತುಂಬುತ್ತದೆ, ಓದು ಬಾರದವರಿಗೂ ತಿಳಿಯುತ್ತದೆ ಎಂದು ನೀನು ಕಲಿಸಿದ್ದೆ. ಅನ್ನ ಒತ್ತಿದಳು, ತಾಟು ಕೆಂಪಾಯಿತು. ಜೋಳದ ರೊಟ್ಟಿ, ಪಲ್ಲೆ ಒತ್ತಿದಳು, ಹಸಿರಾಯಿತು. ಅದಕ್ಕೇ ಸಿಟ್ಟು! ಚೀಕಲಪರ್ವಿಯಲ್ಲಿ ಮಂದಿಯ ಗದ್ದೆಯಲ್ಲಿ ನಾಟಿ ಮಾಡಿ ಬೆಳೆದವಳು ಅವಳು. ನೆಟ್ಟವರು ಇವರು, ಅನ್ನ ಉಂಡವರು ಧಣಿಗಳು. ನನ್ನ ನೌಕರಿ ಕಾಯಂ ಆದ ದಿನ ಮಾನ್ವಿಯ ಮಿಲ್ಲಿನಿಂದ ಅಕ್ಕಿ ಚೀಲ ತರಿಸಿದವಳು, ಅಂದಿನಿಂದ ಎರಡು ಹೊತ್ತೂ ಅನ್ನವನ್ನೇ ಇಟ್ಟಳು. “ಇಷ್ಟು ಮ್ಯಾಲೆ ಬಂದು ಮತ್ತ ರೊಟ್ಟಿಗೇ ಇಳೀಬೇಕೇನು?” ಎಂದು ನನ್ನ ಮೇಲೆ ರೇಗಿದಳು, ಆ್ಯಪ್ ಮಾಡಿದವನು ನಾನೇ ಎಂಬಂತೆ. ಕೊನೆಗೆ ಪಕ್ಕದ ಮನೆಯ ಹೀರಾಬಿ, “ಈಗ ಸಾವ್ಕಾರ್ರೇ ಜ್ವಾಳ ಹುಡುಕಾಕತ್ತಾರ, ನಿಂದೇನು ಗೋಪಮ್ಮಾ” ಎಂದ ಮೇಲೆ ಅಟ್ಟ ಸೇರಿದ್ದ ರೊಟ್ಟಿ ಹಂಚು ಕೆಳಗಿಳಿಯಿತು.

ಆಮೇಲೆ ನಡಿಗೆಯ ತಂಟೆ. ನಮ್ಮ ಓಣಿ ನಿನಗೆ ಗೊತ್ತಲ್ಲ, ಹೆಂಗಸು ಬರಿಗೈಯಲ್ಲಿ ಹೊರಟರೆ “ಯಾಕವ್ವಾ, ಮನ್ಯಾಗ ಜಗಳೇನು?” ಎಂದು ಬಾಗಿಲಿಗೊಬ್ಬರು ಕೇಳುತ್ತಾರೆ. ಅದಕ್ಕೇ ಇವಳು ನನ್ನ ಖಾಲಿ ಬುತ್ತಿ ಡಬ್ಬಿ ಹಿಡಿದು ಹೊರಡುತ್ತಿದ್ದಳು. ಗಂಡನಿಗೆ ಡಿಪೋಗೆ ಬುತ್ತಿ ಒಯ್ಯುತ್ತಾಳೆ ಎಂದುಕೊಂಡು ಎಲ್ಲರೂ ಸುಮ್ಮನಿದ್ದರು. ನನಗೂ ಗೊತ್ತಿರಲಿಲ್ಲ. ಒಂದು ದಿನ ರಜೆ ಹಾಕಿ ನಾನು ಕಟ್ಟೆಯ ಮೇಲೆ ಕೂತು ದಾಡಿ ಮಾಡಿಕೊಳ್ಳುತ್ತಿದ್ದೆ. ಇವಳು ರೂಢಿಯಂತೆ ಡಬ್ಬಿ ಹಿಡಿದು ನನ್ನೆದುರೇ ಹೊರಟಳು. “ಗಂಡ ಇಲ್ಲೇ ಕುಂತಾನ, ಬುತ್ತಿ ಯಾರಿಗೆ ಒಯ್ಯಾಕತ್ತಿ ಬೇ?” ಎಂದಳು ಹೀರಾಬಿ. ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ, ಮುಖದ ತುಂಬ ಸೋಪಿನ ನೊರೆ. ನಿನ್ನ ಅವ್ವ ಡಬ್ಬಿಯನ್ನು ನನ್ನ ತೊಡೆಯ ಮೇಲೆ ಕುಕ್ಕಿದಳು. “ಯಾರಿಗೂ ಇಲ್ಲ. ನನ್ನ ಸಲುವಾಗಿ ನಡ್ಯಾಕತ್ತೀನಿ. ನನ್ನ ಮಗಳು ಓದಬೇಕು” ಎಂದು ಬರಿಗೈ ಬೀಸಿಕೊಂಡು ಹೋದಳು. ಕಲ್ಯಾಣಿ, ನಿನಗೆ ನರ್ಸಿಂಗ್ ಸೀಟು ಸಿಕ್ಕಾಗಲೂ ನನ್ನ ಎದೆ ಅಷ್ಟು ಉಬ್ಬಿರಲಿಲ್ಲ.

ಮರುದಿನ ಹೀರಾಬಿಯೂ ಜೊತೆಗೂಡಿದಳು, ಅವಳಿಗೂ ಶುಗರ್ ಇದೆಯಲ್ಲ. ಈಗ ಬೆಳಿಗ್ಗೆ ಮಾವಿನಕೆರೆಯ ದಂಡೆಗೆ ಅರ್ಧ ಓಣಿಯೇ ಹೋಗುತ್ತದೆ. ಮುಂದೆ ನಿನ್ನ ಅವ್ವ. ನಾನು ಹಿಂದಿನಿಂದ “ರೈಟ್ ರೈಟ್” ಎಂದರೆ ತಿರುಗಿ ಬೈಯುತ್ತಾಳೆ.

ಚೆನ್ನಾಗಿ ಓದು. ನಾಲ್ಕು ಜನಕ್ಕೆ ಆಸರೆಯಾಗುವಷ್ಟು ಬೆಳೆ. ಹೀರಾಬಿ ದುವಾ ಹೇಳಿದ್ದಾಳೆ. ಕೋಣೆಯ ಗೆಳತಿಯರಿಗೆ ನಮ್ಮ ನೆನಪು ತಿಳಿಸು.

ಇಂತು ನಿನ್ನ ಅಪ್ಪ,
ರಾಮಲಿಂಗಪ್ಪ

ತಾ.ಕ.: ಲಕೋಟೆ ಅಂಟಿಸುವಾಗ ಅವ್ವ ಕೈ ಹಿಡಿದು ತಡೆದಳು. ಅವಳ ಊಟದ ಮೇಲೆ ಕಣ್ಣಿಡಲೆಂದು ನೀನು ಆ ಆ್ಯಪಿನಲ್ಲಿ ಇಬ್ಬರ ತಾಟನ್ನೂ ಒಂದೇ ಕಡೆ ಜೋಡಿಸಿ ಹೋದೆಯಲ್ಲ, ಅದರಲ್ಲಿ ಅವಳಿಗೂ ನಿನ್ನ ತಾಟು ಕಾಣುತ್ತದಂತೆ. ತಿಂಗಳಿಂದ ನಿನ್ನ ಮಧ್ಯಾಹ್ನದ ತಾಟು ಖಾಲಿಯಂತೆ. ಅವಳು ಹೇಳಿದ್ದನ್ನೇ ಬರೆಯುತ್ತೇನೆ: “ಒತ್ತಾಕ ಮರ್ತೀನಿ ಅನ್ನಬ್ಯಾಡ. ಮುಂಜಾನಿ, ರಾತ್ರಿ ನೆನಪಿರ್ತದ, ಮಧ್ಯಾಹ್ನ ಅಷ್ಟೇ ಮರೀತದೇನು? ನಿನ್ನ ಷರತ್ತು ನಾ ಗೆದ್ದೀನಿ, ಈಗ ಷರತ್ತು ನಂದು. ಉಣ್ಣಬೇಕು, ಓದಬೇಕು, ಎರಡೂ.” ಬರುವ ಭಾನುವಾರ ಮೊದಲ ಬಸ್ಸಿಗೆ ನಿನ್ನಲ್ಲಿಗೆ ಹೊರಡುತ್ತಾಳೆ. ಬೇಡ ಎಂದು ಫೋನು ಮಾಡಬೇಡ, ಕೇಳುವವಳಲ್ಲ. ಆ ಬುತ್ತಿ ಡಬ್ಬಿಯನ್ನು ಈಗಲೇ ತಿಕ್ಕಿ ಬಿಸಿಲಿಗಿಟ್ಟಿದ್ದಾಳೆ. ಈ ಸಲ ಅದು ಖಾಲಿ ಬರುವುದಿಲ್ಲ.