ಒಂಬತ್ತನೇ ಗಂಟು

ಬಣ್ಣದ ಮನೆ, ಹಿಂದಿನ ಕೋಣೆ
ಮಂಗಳವಾರ ಬೆಳಿಗ್ಗೆ, ಈ ಚಳಿಗಾಲದ ಮೊದಲ ಮಂಜು ಬಿದ್ದ ದಿನ

ಪ್ರೀತಿಯ ಪುಟ್ಟಿಗೆ,

ಹೇಗಿದ್ದೀಯೆ? ಕೆಮ್ಮು ಹೋಯಿತೇ? ಆ ದೊಡ್ಡ ಮನೆಯ ಹೊಲಿಗೆ ಕೋಣೆಗೆ ಒಂದೇ ಕಿಟಕಿ ಎಂದು ನೀನು ಬರೆದಿದ್ದೆ. ಬೆಳಕು ಇಳಿದ ಮೇಲೆ ಕಪ್ಪು ಬಟ್ಟೆಗೆ ಸೂಜಿ ಹಾಕಬೇಡ. ಕಣ್ಣು ಹಾಳಾದರೆ ಹೊಸದು ಹೊಲಿದುಕೊಳ್ಳಲು ನಿನಗೂ ಬರುವುದಿಲ್ಲ. ಬಟ್ಟೆಗೆ ಬಣ್ಣ ಹಾಕಿ ಹಾಕಿ ನನ್ನ ಕೈ ಮೊಣಕೈವರೆಗೆ ನೀಲಿ, ಸೊಂಟ ಎಂದಿನಂತೆ ಹಿಡಿದುಕೊಂಡಿದೆ, ಉಳಿದಂತೆ ಕ್ಷೇಮ. ಗೊಣಗನೂ ಕ್ಷೇಮ. ಚಳಿ ಶುರುವಾದದ್ದೇ ತಡ, ಅಮ್ಮನ ತಾಮ್ರದ ಹಂಡೆ ಬಿಟ್ಟು ಹೊರಗೆ ಬರಲೊಲ್ಲದು. ದೆವ್ವಕ್ಕೆ ಎಂಥ ಚಳಿ ಎಂದು ಕೇಳಿದ್ದಕ್ಕೆ, "ಮುನ್ನೂರು ವರ್ಷ ಆಯ್ತು ನಂಗೆ, ಮಂಡಿ ನೋಯಲ್ವಾ?" ಎಂದಿತು. ದೆವ್ವ ಎಂದರೆ ಕೊಂಬು, ಕೋರೆಹಲ್ಲು ಎಂದು ಊರವರು ನಡುಗುತ್ತಾರೆ. ಇದರ ಗೊಣಗಾಟವನ್ನು ಒಂದು ದಿನ ಕೇಳಿದ್ದರೆ ನಡುಗುತ್ತಿರಲಿಲ್ಲ, ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದರು.

ನೂಲು ಸಿದ್ಧವಾಗಿದೆ. ನಿನ್ನ ಮೂರು ಪತ್ರಗಳಲ್ಲೂ ನೀನು ಅದನ್ನೇ ಕೇಳಿದ್ದೆ, ಅಲ್ಲವೇ? ಅಮ್ಮನನ್ನು ಮಾಟಗಾತಿ ಎಂದು ಸುಡುವ ಮುಂಚೆ ಕತ್ತರಿಸಿ ಎಸೆದರಲ್ಲ, ಆ ಜಡೆಯ ಕೂದಲನ್ನು ಉಣ್ಣೆಯ ಜೊತೆ ಸೇರಿಸಿ ನೂತೆ. ಕೆಂಪು ಬಣ್ಣದಲ್ಲಿ ಮೂರು ಸಲ ಅದ್ದಿ ನೆರಳಲ್ಲಿ ಒಣಗಿಸಿದೆ. ಆಮೇಲೆ ಹಂಡೆಯ ಪಕ್ಕ ಕೂತು, ಒಂದೊಂದು ಗಂಟಿಗೂ ಗೊಣಗನಿಂದ ಮಾತು ತೆಗೆದುಕೊಳ್ಳುತ್ತಾ ಎಂಟು ಗಂಟು ಹಾಕಿದೆ. ಇಲ್ಲಿಗೆ ನನ್ನ ಕೆಲಸ ಮುಗಿಯಿತು. ಒಂಬತ್ತನೆಯದು ಕಡೆಯ ಮಗಳದ್ದು. ನೀನು ಅದನ್ನು ಬಿಗಿದ ಕ್ಷಣ ಗೊಣಗ ಹಂಡೆಯಿಂದ ಎದ್ದು, ಅಮ್ಮನ ಸಾವಿಗೆ ಯಾರು ಕಾರಣವೋ ಅವರ ಎದೆಯ ಮೇಲೆ ಕೂರುತ್ತದೆ. ಅವರ ಉಸಿರು ನಿಲ್ಲುವವರೆಗೂ ಏಳುವುದಿಲ್ಲ. ಎಂಟು ಬಿದ್ದ ಮೇಲೆ ನೂಲನ್ನು ಸುಡುವ ಹಕ್ಕೂ ನನಗಿಲ್ಲ. ಕಟ್ಟುವುದೂ ಬಿಚ್ಚುವುದೂ ಇನ್ನು ನಿನ್ನ ಕೈ.

ಎಂಟನೆಯದಾದ ಮೇಲೆ ನೂಲನ್ನು ತೊಲೆಗೆ ನೇತುಹಾಕಿ ನೋಡುವ ಪದ್ಧತಿ ನಿನಗೆ ನೆನಪಿರಬೇಕು. ಗೊಣಗ ಯಾರ ಕಡೆ ಹೋಗಬೇಕೋ ಆ ದಿಕ್ಕಿಗೆ ಅದು ವಾಲುತ್ತದೆ. ನ್ಯಾಯಾಧೀಶನ ಮನೆ, ನೀನು ಈಗ ಕೂತಿರುವ ಮನೆ, ನಮಗೆ ಉತ್ತರಕ್ಕೆ. ನೇತುಹಾಕಿದೆ, ವಾಲಿತು. ಅದರ ವಿಷಯ ಆಮೇಲೆ.

ನ್ಯಾಯಾಧೀಶ ನಿನ್ನನ್ನು ಕಂಡು, "ಚಳಿ ಇದೆ, ಒಲೆ ಹತ್ರ ಕೂತು ಹೊಲಿಯಮ್ಮ" ಎಂದನೆಂದೂ, ಸಿಟ್ಟಿಗೆ ನಿನಗೆ ಅಳು ಬಂತೆಂದೂ ಬರೆದಿದ್ದೆ. ಓದಿ ನನಗೂ ಅಳು ಬಂತು, ಸಿಟ್ಟಿಗಲ್ಲ. ಅವನು ಒಳ್ಳೆಯವನೆಂದು ನಾನು ಹೇಳುತ್ತಿಲ್ಲ. ಅಮ್ಮನನ್ನು ಸುಡಿ ಎಂಬ ಕಾಗದಕ್ಕೆ ಸಹಿ ಹಾಕಿದ ಕೈ ಅದೇ, ಈಗ ಚಮಚ ಹಿಡಿಯಲು ನಡುಗಿದರೇನಂತೆ. ಆದರೆ ಅವನ ಮನೆ ಸೇರಿ ಅವನ ಸಾವನ್ನು ಕಣ್ಣಾರೆ ನೋಡಬೇಕೆಂಬ ಹಟ ನಿನಗೆ ಹುಟ್ಟಿನಿಂದ ಬಂದದ್ದಲ್ಲ. ಅಮ್ಮ ಹೋದಾಗ ನಿನಗೆ ಎರಡು ವರ್ಷ, ಅವಳ ಮುಖವೂ ನೆನಪಿಲ್ಲ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಒಂದೊಂದು ತುತ್ತಿನ ಜೊತೆಗೂ ಅವನ ಹೆಸರು ಹೇಳಿ ಉಣಿಸಿದವಳೂ ನಾನೇ. ಅದನ್ನು ನೆನೆದರೆ ಈಗ ನನಗೆ ನೋವಾಗುತ್ತದೆ, ಪುಟ್ಟಿ.

ಪೊಟ್ಟಣದಲ್ಲಿ ಉಣ್ಣೆಯ ಕಾಲುಚೀಲವಿದೆ, ಹಾಕಿಕೋ. ಬಣ್ಣ ಸ್ವಲ್ಪ ಬಿಟ್ಟೀತು, ನೀಲಿ ಕಾಲಿನವಳೆಂದು ಯಾರಾದರೂ ನಕ್ಕರೆ ನಗಲಿ. ನಿನ್ನ ಕಣ್ಣು, ಬೆರಳು, ಸೂಜಿ ಮೂರೂ ಚೆನ್ನಾಗಿರಲಿ. ನೂರು ಕಾಲ ಬಾಳು.

ನಿನ್ನ ಅಕ್ಕ

ತಾ.ಕ.: ಗಾಡಿಯವನು ಹೊರಗೆ ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ನೂಲು ಉತ್ತರಕ್ಕೆ ವಾಲಲಿಲ್ಲ. ಒಲೆಯ ಕಡೆ ವಾಲಿತು, ನಾನು ಅಲ್ಲಿ ನಿಂತಿದ್ದೆ. ಗಾಳಿಯಿರಬೇಕೆಂದು ಕಿಟಕಿ ಮುಚ್ಚಿ ಬಾಗಿಲ ಬಳಿ ಹೋದೆ. ಬಾಗಿಲ ಕಡೆ ತಿರುಗಿತು. ಮೂಲೆಯಲ್ಲಿ ಕೂತೆ, ಮೂಲೆಗೆ ತಿರುಗಿತು. ಗೊಣಗ ಹಂಡೆಯ ಅಂಚಿಗೆ ಗಲ್ಲ ಊರಿ, "ಸಹಿ ಹಾಕ್ದೋರು, ಬೆಂಕಿ ಇಟ್ಟೋರು ಎಲ್ಲ ಆಮೇಲೆ. ಮೊದಲು ಬಾಯಿ ಬಿಟ್ಟೋರ ಹತ್ರಾನೇ ನಾನು ಹೋಗೋದು" ಎಂದಿತು. ನಾನು ಹತ್ತು ವರ್ಷದವಳಿದ್ದಾಗ ಗಿರಣಿಯವನ ಮಗಳು ಹೊಸ ಬೂಟು ತೋರಿಸಿ ಮೆರೆದಳು. ಮೆರೆಯಲು ನನ್ನ ಹತ್ತಿರ ಏನೂ ಇರಲಿಲ್ಲ. "ನಮ್ಮಮ್ಮನ ಹಂಡೇಲಿ ದೆವ್ವ ಇದೆ" ಎಂದೆ. ಮೂರನೇ ದಿನ ಸಿಪಾಯಿಗಳು ಬಂದರು. ಇಪ್ಪತ್ತು ವರ್ಷ ಇದನ್ನು ನ್ಯಾಯಾಧೀಶನ ಹೆಸರಿನಡಿ ಮುಚ್ಚಿಟ್ಟೆ. ನೂಲು ಎಡಗಾಲಿನ ಚೀಲದೊಳಗಿದೆ. ಅದನ್ನೂ ಬಚ್ಚಿಟ್ಟರೆ ನಿನಗೆ ಎರಡನೇ ಸಲ ಮೋಸ ಮಾಡಿದಂತೆ. ಬಿಚ್ಚುವುದಾದರೆ ಎಂಟೂ ಬಿಚ್ಚಿ ಮನೆಗೆ ಬಾ. ಕಟ್ಟುವುದಾದರೆ ನನ್ನ ಮೇಲೆ ಕನಿಕರ ಬೇಡ, ಗೊಣಗನ ಮಂಡಿಯ ಮೇಲೂ ಬೇಡ. ಹಂಡೆಯಿಂದ ನನ್ನ ಹಾಸಿಗೆಗೆ ಹತ್ತೇ ಹೆಜ್ಜೆ.