ನಾಲ್ಕು ಪಟ್ಟು ಸಾಕು ಎಂದಿದ್ದೆ

ತುಮಕೂರು
೯ ಅಕ್ಟೋಬರ್ ೨೦೨೫

ಪ್ರೀತಿಯ ಸುಧಾ,

ಕುಣಿಗಲ್‌ನಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದಕ್ಕೆ ಒಂದು ತಿಂಗಳು ತಡವಾಗಿ ಉತ್ತರಿಸುತ್ತಿದ್ದೇನೆ, ಬೈದುಕೋ. ರೈಫಲ್ ಕ್ಲಬ್ ಸೇರಿದ ನಿನ್ನ ಮಗಳು ಸಂಧ್ಯಾಳ ಬಂದೂಕಿನ ಮೇಲೆ ಕೂರಿಸಲು, ಕೊಟ್ಟ ದುಡ್ಡಿಗೆ ಮೋಸವಿಲ್ಲದ ಸ್ಕೋಪ್ ದುರ್ಬೀನು ಯಾವುದು ಎಂದು ಕೇಳಿದ್ದೆಯಲ್ಲ, ಅದನ್ನು ಹೇಗೆ ಆರಿಸಬಾರದು ಎಂದು ನನ್ನ ತಮ್ಮ ಗುರುಪ್ರಕಾಶ ತೋರಿಸಿಕೊಟ್ಟಿದ್ದಾನೆ.

ಗುಬ್ಬಿಯ ತೋಟ ಕಾಯಲು ಅಪ್ಪ ಇಟ್ಟುಕೊಂಡಿದ್ದ ರೈಫಲ್ ಈಗ ಅವನದು. ಅಪ್ಪನಿಗೆ ವಯಸ್ಸಾಯಿತೆಂದು ಈ ವರ್ಷ ಲೈಸೆನ್ಸ್ ಅವನ ಹೆಸರಿಗೆ ಹೋಯಿತು. ಹಂದಿ ಓಡಿಸಲು ಆಕಾಶಕ್ಕೆ ಗುಂಡು ಹಾರಿಸುವವನಿಗೆ ಸ್ಕೋಪ್ ಬೇರೆ ಕೇಡು!

ಇಲ್ಲಿನ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದ. ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ ಒಂದನ್ನು ಹಿಡಿದು ನೋಡಿದೆ. ಅಂಚಿನವರೆಗೂ ನಿಚ್ಚಳ, ಕಣ್ಣು ಆಚೀಚೆ ಸರಿಸಿದರೂ ನಡುವಿನ ಗೆರೆ ಕದಲಲಿಲ್ಲ, ಬೆಲೆಯೂ ಕಡಿಮೆ. "ಇದೇ ಸಾಕು ಕಣೋ" ಎಂದೆ.

"ನಾಲ್ಕೇನಾ? ನನ್ ಫೋನೇ ಮೂವತ್ತು ಪಟ್ಟು ಝೂಮ್ ಆಯ್ತದೆ ಕಣಕ್ಕ!" ಎಂದ ಮಹಾಶಯ. ಅಂಗಡಿಯವನಿಗೆ ಇನ್ನೇನು ಬೇಕು? "ಸಾರ್‌ಗೆ ವಿಷ್ಯ ಗೊತ್ತೈತೆ" ಎಂದು ಮೊಳದುದ್ದದ, ಇಪ್ಪತ್ನಾಲ್ಕು ಪಟ್ಟಿನದನ್ನು ಕಟ್ಟಿಕೊಟ್ಟ. ಅದರಲ್ಲಿ ನೋಡಿದರೆ ಹಂದಿ ಕಾಣುವುದಿಲ್ಲ, ಹಂದಿಯ ಕೂದಲು ಕಾಣುತ್ತದೆ.

ಆಯುಧಪೂಜೆಗೆ ಗುಬ್ಬಿಗೆ ಹೋಗಿದ್ದೆ. ಈ ಜಾಣ ಸ್ಕೋಪಿನ ಗಾಜಿಗೇ ಮೂರು ಬೆರಳು ವಿಭೂತಿ ಎಳೆದು, ಕುಂಕುಮವಿಟ್ಟು, ಕಾಯಿನೀರು ಚಿಮುಕಿಸಿದ. ಮಾರನೆಯ ದಿನ ಪಂಚೆಯ ತುದಿಯಲ್ಲಿ ಗಸಗಸನೆ ಉಜ್ಜಿದ. ಗಾಜೆಲ್ಲ ಗೀಚಿಹೋಯಿತು. ಕಣ್ಣಿಟ್ಟು ನೋಡಿ, "ಮಂಜು ಬಿದ್ದಂಗೈತೆ ಕಣಕ್ಕ, ಡೂಪ್ಲಿಕೇಟ್ ಮಾಲು ಕೊಟ್ಟವ್ನೆ" ಎಂದ. ನನಗೆ ನಗು ತಡೆಯಲಾಗಲಿಲ್ಲ.

"ಲೈಸೆನ್ಸ್ ಇರೋನು ಅವ್ನು. ನೀನ್ಯಾಕಮ್ಮ ಮೂಗು ತೂರಿಸ್ತೀಯ?" ಎಂದರು ಅಪ್ಪ. ಹದಿನಾಲ್ಕನೇ ವಯಸ್ಸಿಗೆ ಅದೇ ರೈಫಲ್ಲನ್ನು ನನ್ನ ಭುಜಕ್ಕಿಟ್ಟು ಉಸಿರು ಹಿಡಿಯುವುದು ಕಲಿಸಿದ ಅಪ್ಪ! ಇಪ್ಪತ್ತು ವರ್ಷದಿಂದ ಕ್ಲಬ್ಬಿನ ಹುಡುಗಿಯರಿಗೆ ಗುರಿ ಕಲಿಸುತ್ತಿರುವವಳು ನಾನು. ಆ ಲೈಸೆನ್ಸ್ ನನಗೆ ಬೇಕಿತ್ತು ಸುಧಾ. ಬಾಯಿಬಿಟ್ಟು ಕೇಳಿಯೂ ಇದ್ದೆ.

ಸಂಧ್ಯಾಗೆ ನಾಲ್ಕರದ್ದೇ ಕೊಡಿಸು. ಮಗು ಚೆನ್ನಾಗಿರಲಿ, ಅವಳ ಕೈ ಎಂದೂ ನಡುಗದಿರಲಿ.

ನಿನ್ನ
ಉಮಾಮಹೇಶ್ವರಿ

ತಾ.ಕ.: ಲೈಸೆನ್ಸ್ ತಮ್ಮನಿಗೆ ಹೋಗಲು ನನ್ನ ಒಪ್ಪಿಗೆ ಪತ್ರ ಬೇಕಿತ್ತು. ಅಪ್ಪನೇ ಬರೆದು ತಂದರು. ಅವರ ಮುಖ ನೋಡಿ, ಓದದೆ ಸಹಿ ಹಾಕಿದ್ದೆ. ಅದರ ಪ್ರತಿ ನಿನ್ನೆ ಕೈಗೆ ಸಿಕ್ಕಿತು. ಅಪ್ಪನ ದುಂಡನೆಯ ಅಕ್ಷರದಲ್ಲಿ, "ನನಗೆ ಬಂದೂಕು ಹಿಡಿಯಲು ಬರುವುದಿಲ್ಲ" ಎಂದಿದೆ.