ಬೀಟಾ ಹಾಕಿದ ತಮ್ಮನಿಗೆ

ಇಂಡಿ,
೯ ಮೇ ೨೦೦೧

ಚಿ. ಸಿದ್ದಾರೂಢನಿಗೆ ಅಕ್ಕನ ಆಶೀರ್ವಾದ. ಬೈಗುಳ ಮುಂದೆ ಇದೆ.

ಹೋದ ವಾರ ನನ್ನ ಅಂಗಡಿಯ ಕಂಪ್ಯೂಟರಿನಲ್ಲಿದ್ದ ಹಳೆಯ ಆಪರೇಟಿಂಗ್ ಸಿಸ್ಟಮ್ ಅಳಿಸಿ ಬೀಟಾ ಹಾಕಿ ಹೋದೆ. ಬೀಟಾ ಅಂದರೆ ಕಂಪನಿಯವರು ಇನ್ನೂ ಪರೀಕ್ಷೆ ಮಾಡುತ್ತಿರುವುದು, ದೋಷ ಕಂಡರೆ ನಾವು ತಿಳಿಸಬೇಕು ಎಂದೂ ಹೇಳಿದೆ. ಕಂಪನಿಯ ವಿಳಾಸ ನನಗೆ ಗೊತ್ತಿಲ್ಲ. ನಿನಗೇ ತಿಳಿಸುತ್ತಿದ್ದೇನೆ.

ಕನ್ನಡ ಅಕ್ಷರಗಳೆಲ್ಲ ಚೌಕಗಳಾಗಿವೆ. ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿಯಲ್ಲಿ, ಅದೂ ಲಗ್ನದ ಸೀಸನ್ನಿನಲ್ಲಿ! ನಿನ್ನೆ ಅಗರಖೇಡದ ಖಂಡೆಪ್ಪ ಕಾಕಾ ಮಗನ ಪತ್ರಿಕೆ ಒಯ್ಯಲು ಬಂದರು. ಮೊದಲನೆಯದು ಮನೆದೇವರಿಗೆ ಸಲ್ಲಬೇಕಲ್ಲ, ಅದಕ್ಕೆ ಹಚ್ಚಲು ಅರಿಶಿನ ಕುಂಕುಮವನ್ನೂ ಕಟ್ಟಿಕೊಂಡು ಬಂದಿದ್ದರು. ಪರದೆ ನೋಡಿ, "ಯವ್ವಾ, ನನ್ನ ಮಗನ ಹೆಸರ ಎಲ್ಲೈತಿ? ಬರೇ ಚೌಕ ಕಾಣಾಕತ್ತಾವಲ್ಲ!" ಎಂದರು. ತಲೆ ತಗ್ಗಿಸಿಕೊಂಡು ದೇವರ ಪತ್ರಿಕೆಯನ್ನು ಕೈಯಿಂದಲೇ ಬರೆದುಕೊಟ್ಟೆ.

ನೀನು ನೋಡಿದರೆ ಇವತ್ತು ಬೆಳಿಗ್ಗೆ ಫೋನ್ ಮಾಡಿ, "ಅಕ್ಕಾ, ಎರಡನೇ ಬೀಟಾ ಬಂದೈತಿ, ಅದನ್ನೂ ಹಾಕೂಣು" ಎಂದು, ನಾನು ಬಾಯಿ ತೆರೆಯುವ ಮೊದಲೇ ಇಟ್ಟುಬಿಟ್ಟೆ. ಅದನ್ನು ನಿನ್ನ ಹಾಸ್ಟೆಲ್ಲಿನಲ್ಲೇ ಹಾಕಿಕೋ. ನೀನು ಒಯ್ದಿರುವ ನನ್ನ ಹಳೆಯ ಸಿಸ್ಟಮ್ಮಿನ ಸಿ.ಡಿ. ಹಿಡಿದುಕೊಂಡು, ಈ ಪತ್ರ ತಂದುಕೊಟ್ಟ ಕಂಡಕ್ಟರ್ ಭೀಮಶ್ಯಾ ಅವರ ಬಸ್ಸಿಗೇ ಬಿಜಾಪುರದಿಂದ ಹೊರಟು ಬಾ.

ಬರುವಾಗ ಒಳ್ಳೆಯ ಪೆನ್ನುಗಳನ್ನೂ ತಾ. ಕೈಬರಹ ನೋಡಿ ಕಾಕಾ ಹಿಗ್ಗಿಬಿಟ್ಟರು. "ಉಳಿದವನ್ನೂ ಹಿಂಗ ಬರದು ಕೊಡವಾ, ಊರಾಗ ಇಂಥಾ ಪತ್ರಿಕೆ ಯಾರೂ ಹಂಚಿಲ್ಲ" ಎಂದರು.

ಆಗಲಿ, ನನ್ನ ತಮ್ಮ ಬರೆಯುತ್ತಾನೆ ಎಂದಿದ್ದೇನೆ.

ನಿನ್ನ ಅಕ್ಕ,
ವಿಜಯಶ್ರೀ